ಗಡಿಯಾರದ ಉಸಿರುಗಂಡಿ

ವಿಜ್ಞಾನದ ವಿಷಯವೊಂದನ್ನು ಕನ್ನಡ ಪಂಡಿತನು ಎತ್ತಿಕೊಳ್ಳುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ವಸ್ತುವಿನ ಹೆಸರು ಅದರ ಕೆಲಸವನ್ನು ಮರೆಸಿ ಬರಿಯ ಪ್ರತಿಷ್ಠೆಯನ್ನು ಸಾರತೊಡಗಿದಾಗ, ಶಬ್ದಾರ್ಥವಿಚಾರವನ್ನೇ ವೃತ್ತಿಯಾಗಿ ಉಳ್ಳವನು ಸುಮ್ಮನಿರಲಾಗದು. ಸಮುದ್ರದಲ್ಲಿ ಮುಳುಗಿ ದುಡಿಯುವವರಿಗಾಗಿ ನಿರ್ಮಿಸಿದ ಕೆಲವು ಕೈಗಡಿಯಾರಗಳ ಪಕ್ಕೆಯಲ್ಲಿ ಹೀಲಿಯಂ ಅನಿಲವನ್ನು ಹೊರಬಿಡುವ ಪುಟ್ಟ ಕವಾಟವೊಂದಿರುತ್ತದೆ. ‘ಹೀಲಿಯಂ ಪಲಾಯನ ಕವಾಟ’ ಎಂದರೆ ಕಿವಿಗೆ ಒರಟು, ಉಸಿರುಗಂಡಿಯೆಂದರೆ ಸಾಕು. ಗಡಿಯಾರವನ್ನು ಹೆಚ್ಚಿನ ಆಳಕ್ಕೆ ಸಮರ್ಥಗೊಳಿಸುವ ಸಾಧನವಿದೆಂದು ಕೊಳ್ಳುವವರಲ್ಲಿ ಹಲವರು ನಂಬುತ್ತಾರೆ. ಮಾರುವವರು ಆ ನಂಬಿಕೆಯನ್ನು ತಿದ್ದುವ ಗೋಜಿಗೆ ಹೋಗುವುದಿಲ್ಲ. ವಾಸ್ತವದಲ್ಲಿ ನೀರಿನೊಳಗೆ ಈ ಕವಾಟಕ್ಕೆ ಕೆಲಸವೇ ಇಲ್ಲ.

ನೀರಿನಲ್ಲಿ 10 ಮೀಟರ್ ಇಳಿದಂತೆಲ್ಲ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಬಹಳ ಆಳದಲ್ಲಿ ಗಾಳಿಯ ಸಾರಜನಕವು ಮದ್ಯದಂತೆ ಬುದ್ಧಿಯನ್ನು ಮಂಕುಗೊಳಿಸುವುದರಿಂದ, ಅಲ್ಲಿ ದುಡಿಯುವವರು ಆಮ್ಲಜನಕಕ್ಕೆ ಹೀಲಿಯಂ ಬೆರೆಸಿ ಉಸಿರಾಡುತ್ತಾರೆ. ದಿನದಿನವೂ ಇಳಿದು ಏರುವುದು ಅಪಾಯಕರ. ಆದುದರಿಂದ ಆಳದ ಒತ್ತಡವನ್ನೇ ತುಂಬಿದ ಒಣಕೋಣೆಯಲ್ಲಿ ದಿನಗಟ್ಟಲೆ ವಾಸಮಾಡಿ, ಅಲ್ಲಿಂದಲೇ ಕೆಲಸಕ್ಕೆ ಹೋಗಿಬರುವ ಪದ್ಧತಿಗೆ ಅಮೆರಿಕದ ನೌಕಾದಳದ ವೈದ್ಯ ಜಾರ್ಜ್ ಬಾಂಡ್ ಅವರ ಪ್ರಯೋಗಗಳು ದಾರಿ ತೆರೆದವು. 1964ರಲ್ಲಿ ಬರ್ಮುಡಾ ಬಳಿ, ಸೀಲ್ಯಾಬ್ ಎಂಬ ಕಡಲಮನೆಯಲ್ಲಿ ನಾಲ್ವರು ಸುಮಾರು 58 ಮೀಟರ್ ಆಳದಲ್ಲಿ 11 ದಿನ ಕಳೆದರು.

ಹೀಲಿಯಂ ಪರಮಾಣು ಅತಿಸೂಕ್ಷ್ಮ. ನೀರಿನ ಹನಿಯನ್ನು ತಡೆಯುವ ರಬ್ಬರು ಬಳೆಗಳನ್ನೂ ದಾಟಿ ಅದು ಮೆಲ್ಲಮೆಲ್ಲನೆ ನುಸುಳುತ್ತದೆ. ಕೆಲವು ದಿನಗಳಲ್ಲಿ ಗಡಿಯಾರದ ಒಳಗೂ ಕೋಣೆಯಷ್ಟೇ ಒತ್ತಡ ನೆಲಸುತ್ತದೆ. ಅಲ್ಲಿಯವರೆಗೆ ಕೇಡಿಲ್ಲ. ಕೇಡು ಬರುವುದು ಮರಳುವಾಗ. ಕೋಣೆಯ ಒತ್ತಡವನ್ನು ಇಳಿಸುತ್ತ ಬಂದಂತೆ, ಒಳಗೆ ಸೇರಿದ ಅನಿಲ ಅಷ್ಟೇ ವೇಗದಲ್ಲಿ ಹೊರಬರಲಾರದು. ಗಡಿಯಾರದ ಗಾಜನ್ನು ಹೊರಗಿನ ನೀರು ಒತ್ತಿದಷ್ಟೂ ಬಿಗಿಯಾಗುವಂತೆ ಕೂರಿಸಿರುತ್ತಾರೆ. ಒಳಗಿನಿಂದ ದಬ್ಬಿದರೆ ಅದು ತಡೆಯದೆ ಸಿಡಿದು ಹಾರುತ್ತದೆ. ಈ ತೊಡಕನ್ನು ಗುರುತಿಸಿದವರಲ್ಲಿ ಸೀಲ್ಯಾಬಿನ ನಾಲ್ವರಲ್ಲೊಬ್ಬರಾದ ರಾಬರ್ಟ್ ಬಾರ್ತ್ ಅವರ ಹೆಸರು ಮುಖ್ಯವಾದುದು. 1967ರಲ್ಲಿ ರೋಲೆಕ್ಸ್ ಸಂಸ್ಥೆ ಕವಾಟದ ಪೇಟೆಂಟಿಗೆ ಅರ್ಜಿ ಸಲ್ಲಿಸಿತು.

ರಚನೆ ಸರಳ. ಸ್ಪ್ರಿಂಗು ಎಳೆದು ಹಿಡಿದಿರುವ ಒಂದು ಬಿರಡೆ, ಅದಕ್ಕೊಂದು ರಬ್ಬರು ಬಳೆ. ಒಳಗಿನ ಒತ್ತಡವು ಹೊರಗಿನದನ್ನು ಸಾಮಾನ್ಯವಾಗಿ ಮೂರರಿಂದ ಐದು ವಾಯುಮಂಡಲದಷ್ಟು ಮೀರಿದಾಗ ಬಿರಡೆ ಹೊರಸರಿದು ಅನಿಲಕ್ಕೆ ದಾರಿ ಕೊಡುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ನೀರಿನಲ್ಲಾದರೋ ಹೊರಗಿನ ಒತ್ತಡವೇ ಅದನ್ನು ಅದುಮಿ ಹಿಡಿದಿರುತ್ತದೆ.

ಮುಳುಗಿದವನ ದೇಹದಲ್ಲಿಯೂ ಹೀಲಿಯಂ ಹೀಗೆಯೇ ತುಂಬಿಕೊಂಡಿರುತ್ತದೆ. ಅದಕ್ಕೆ ಕವಾಟವಿಲ್ಲ. ಸ್ಥೂಲವಾಗಿ ಪ್ರತಿ 30 ಮೀಟರಿಗೆ ಒಂದು ದಿನದಂತೆ, ಅದರ ಮೇಲೆ ಇನ್ನೊಂದು ದಿನ ಸೇರಿಸಿ, ಅವನು ಕೋಣೆಯಲ್ಲಿಯೇ ಕಾಯಬೇಕು. ಅವಸರಿಸಿದರೆ ಅನಿಲವು ರಕ್ತದಲ್ಲಿ ಗುಳ್ಳೆಗಟ್ಟಿ ಪ್ರಾಣಕ್ಕೇ ಎರವಾದೀತು. ಕವಾಟವನ್ನು ಕೊಂಡಾಡುವ ಜಾಹೀರಾತುಗಳಲ್ಲಿ ಈ ಕಾಯುವಿಕೆಯ ಮಾತನ್ನು ನಾನು ಕಂಡಿಲ್ಲ.

ನನ್ನ ಅಭಿಪ್ರಾಯದಲ್ಲಿ ಜಪಾನಿನ ಸೈಕೋ ಸಂಸ್ಥೆ 1975ರಲ್ಲಿ ಹಿಡಿದ ಹಾದಿಯೇ ಹೆಚ್ಚು ವಿವೇಕದ್ದು. 600 ಮೀಟರ್ ಆಳಕ್ಕೆಂದು ರಚಿಸಿದ ಟೈಟೇನಿಯಂ ಗಡಿಯಾರದಲ್ಲಿ ಅವರು ಹೊಸ ರಂಧ್ರ ಕೊರೆಯದೆ, ಬಳೆಯ ಆಕಾರವನ್ನೇ ಮಾರ್ಪಡಿಸಿ, ಹೀಲಿಯಂ ಒಳಸೇರದಂತೆ ತಡೆದರು. ಬಳೆ ಹಳತಾದರೆ ಅನಿಲ ನುಸುಳದೆ ಬಿಡದು, ಆಗ ಕವಾಟವೇ ಗತಿಯೆಂಬ ಪ್ರತಿವಾದವುಂಟು. ಇರಲಿ, ಹಳೆಯ ಬಳೆಯನ್ನು ಬದಲಿಸದವನು ಕವಾಟದ ಬಳೆಯನ್ನು ಬದಲಿಸುವನೇ?

1993ರ ಒಮೆಗಾ ಸೀಮಾಸ್ಟರಿನಲ್ಲಿ ಕವಾಟವು ಕೈಯಿಂದ ತಿರುಗಿಸುವ ತಿರುಪಾಗಿ, ಹತ್ತರ ಅಂಕಿಯ ಬಳಿ ಎಲ್ಲರ ಕಣ್ಣಿಗೆ ಬೀಳುವಂತೆ ನಿಂತಿತು. ಕಡಲತಳದ ತೈಲಬಾವಿಗಳಲ್ಲಿ ದುಡಿಯುವವನಿಗೆ ಅದು ಉಪಕರಣ. ಈಜುಕೊಳಕ್ಕೆ ಇಳಿಯುವವನಿಗೆ ಆಭರಣ. ಆಭರಣವನ್ನು ತೊಡಬಾರದೆಂದಲ್ಲ, ಆಳದ ಹೆಸರಿನಲ್ಲಿ ಅದಕ್ಕೆ ಬೆಲೆ ಕಟ್ಟುವುದು ಸಲ್ಲದು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಯಾರ ಕೈಯಲ್ಲಾದರೂ ಇಂಥ ಗಡಿಯಾರವಿದ್ದರೆ, ಆ ತಿರುಪನ್ನು ಸದಾ ಬಿಗಿದೇ ಇಟ್ಟುಕೊಳ್ಳಲಿ. ರಿಪೇರಿಗೆ ಕೊಟ್ಟಾಗ ಅದರ ಬಳೆಯನ್ನೂ ಪರೀಕ್ಷಿಸುವಂತೆ ಹೇಳಲಿ.