ಆಟಿಗಿ ಸಾಮಾನಂತ, ಬ್ರೇಕೂ ಆಟಿಗೀದ ಏನು?

ಅಕ್ಕಾರ, ವೈನಿ, ಬಾಜೂ ಮನಿ ಕಾಕೂ, ಇವತ್ತ ಸ್ವಲ್ಪ ಜಗಳಾ ತಗೀಲಿಕತ್ತೇನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ.

ಹೋದ ಐತಾರ ಓಣ್ಯಾಗ ಆದದ್ದು ನಿಮಗೆಲ್ಲಾ ಗೊತ್ತದ. ನನ್ನ ಮಗನ ರಿಮೋಟ್ ಕಾರು ಬ್ರೇಕ್ ಒತ್ತಿದರೂ ನಿಲ್ಲಲಿಲ್ಲ. ರಂಗೋಲಿ ಹಾಕ್ಲಿಕತ್ತಿದ್ದ ಕಾಕೂನ ಮೊಮ್ಮಗಳ ಕಾಲಿನ ಬಾಜೂಕ ಹಾದು, ಕಟ್ಟಿಗೆ ಬಡದು ನಿಂತತು. ಒಂದ ಗೇಣು ತಪ್ಪಿತು, ಅಷ್ಟ. ಎಲ್ಲಾರೂ "ಹೋಗಲಿ ಬಿಡವಾ, ಆಟಿಗಿ ಸಾಮಾನ" ಅಂದ್ರಿ. ನಾ ಮಾತ್ರ ಹಂಗ ಅನ್ನೂದಿಲ್ಲ.

ಇದು ಸೆಲ್ ಹಾಕಿ ಓಡಿಸೂ ಕಾರಲ್ಲರಿ. ಖರೇ ಕಾರಿನ ಐದನೇ ಒಂದು ಪಾಲಿನ ಅಳತಿ, 26 ಸಿಸಿ ಪೆಟ್ರೋಲ್ ಇಂಜಿನ್ನು, ತೂಕ ಸುಮಾರು 10 ಕೆಜಿ. ಬಯಲದಾಗ ತಾಸಿಗೆ 50 ಕಿಲೋಮೀಟರ್ ಆರಾಮ ಓಡತದ. 10 ಕೆಜಿ ಅಕ್ಕಿ ಚೀಲಾ ಮೂರಂತಸ್ತಿನ ಮನಿ ಮಾಳಗಿಯಿಂದ ಬಿದ್ದರ ಎಷ್ಟು ಜೋರು ಇರತದೋ, ಆ ಓಟಕ್ಕೂ ಅಷ್ಟ ಜೋರು. ಸ್ಪೀಡು ಎರಡು ಪಟ್ಟಾದ್ರ ಜೋರು ನಾಕು ಪಟ್ಟು.

ನಾನ ಬಿಚ್ಚಿ ನೋಡಿದೆ. ಕುಕ್ಕರಿನ ಗ್ಯಾಸ್ಕೆಟ್ಟು, ಮಿಕ್ಸರಿನ ಕಾರ್ಬನ್ ಬ್ರಶ್ಶು ಬದಲಿ ಮಾಡೂ ಕೈಗೆ ಇದೇನು ಮಹಾ! ನಡುವ ಒಂದು ಉಕ್ಕಿನ ಡಿಸ್ಕು, ಎರಡೂ ಕಡೆ ಎರಡು ಪ್ಯಾಡು. ರಿಮೋಟಿನ್ಯಾಗ ಬ್ರೇಕ್ ಒತ್ತಿದರ ಸರ್ವೋ ಅನ್ನೂ ಸಣ್ಣ ಮೋಟರು ಕಡ್ಡಿ ಜಗ್ಗತದ, ಪ್ಯಾಡು ಡಿಸ್ಕನ್ನ ಇಕ್ಕಳದಂಗ ಹಿಡೀತಾವ. ನಮ್ಮ ಕಾರಿನ್ಯಾಗ ಪ್ಯಾಡಿನ ಪಟ್ಟಿನ ಇಲ್ಲ, ಬರೇ ತಗಡು! ಹಿಂದಿನ ತಿಂಗಳ ನಮ್ಮನಿಯವರು ರಿಪೇರಿ ಮಾಡಿದ್ರು: ಹಳೇ ಚಪ್ಪಲಿ ರಬ್ಬರು, ಥಟ್ಟಂತ ಅಂಟೂ ಗೋಂದು. ಬ್ರೇಕು ಕಾದರ ಅಂಥಾ ಗೋಂದು 80 ಡಿಗ್ರಿ ಸುಮಾರಿಗೇ ಸಡಿಲಾಗತದ. ಹಿಡಿಯೂದಾದ್ರೂ ಹ್ಯಾಂಗ?

ಇನ್ನ ವೈನಿ ಮಾತು: "ಮನ್ಯಾಗ ಮುಟ್ಟಬ್ಯಾಡ್ರಿ, ಪರದೇಶದಿಂದ ಹೊಸಾ ಪಾರ್ಟ್ ತರಸ್ರಿ." ವೈನಿ, ಅದು ಬರೂತನಕ ಹುಡುಗ ಸುಮ್ಮನ ಕೂಡತಾನೇನು? ಬ್ರೇಕಿಲ್ಲದ ಓಡಸ್ತಾನ. ಮನೀ ರಿಪೇರಿ ತಪ್ಪಲ್ಲ, ಅರ್ಧಂಬರ್ಧ ರಿಪೇರಿ ತಪ್ಪು.

ಮಾಡೂದಾದ್ರ ಹಿಂಗ ಮಾಡ್ರಿ. ಲಾರಿ ಬ್ರೇಕಿಗೆ ಲೈನಿಂಗ್ ಕೂಡಸೂ ಅಂಗಡ್ಯಾಗ ಹೊಸಾ ತುಂಡು ಕೇಳ್ರಿ, ಆಸ್ಬೆಸ್ಟಾಸ್ ಇಲ್ಲದ್ದ ಬೇಕು ಅನ್ರಿ. ಗುಜರಿ ಬ್ರೇಕ್ ಶೂ ಬ್ಯಾಡ. ಹಳೇ ಲೈನಿಂಗಿನ್ಯಾಗ ಆಸ್ಬೆಸ್ಟಾಸ್ ಇರಬಹುದು, ಅದರ ಧೂಳು ಪುಪ್ಪಸಕ್ಕ ಹೋದ್ರ ಕ್ಯಾನ್ಸರ್ ತರತದ. ಹೊಸಾದನ್ನೂ ಅಡಗಿಮನಿ ಕಟ್ಟಿ ಮ್ಯಾಲೆ ತಿಕ್ಕಬ್ಯಾಡ್ರಿ. ಹಿತ್ತಲದಾಗ, ಮಾಸ್ಕ್ ಕಟ್ಟಿ, ನೀರು ಹಚ್ಚಿ ತಿಕ್ರಿ.

ಪ್ಯಾಡಿನ ತಗಡು ಹೊಳಿಯೂತನಕ ಉಸುಕಿನ ಹಾಳಿಲೆ ತಿಕ್ಕಿ, ಥಿನ್ನರಿನಿಂದ ಒರಸ್ರಿ. ಆಮ್ಯಾಲೆ ಬಟ್ಟು ಹಚ್ಚಬ್ಯಾಡ್ರಿ, ಜಿಡ್ಡು ಕೂತರ ಅಂಟೂದಿಲ್ಲ. ಎಪಾಕ್ಸಿ ಎಷ್ಟು ಶಾಖ ತಡೀತದಂತ ಪಾಕೀಟಿನ ಮ್ಯಾಲೆ ಓದ್ರಿ. 250 ಡಿಗ್ರಿಗಿಂತ ಕಮ್ಮಿ ಇದ್ದರ ಅಂಗಡ್ಯಾಗ ಬಿಟ್ಟು ಬರ್ರಿ. ಕ್ಲ್ಯಾಂಪ್ ಹಾಕಿ 24 ತಾಸು ಮುಟ್ಟಬ್ಯಾಡ್ರಿ. ಹೆಪ್ಪು ಹಾಕಿದ ಪಾತೇಲಿ ತಾಸಿಗೊಮ್ಮೆ ಅಲಗಾಡಿಸಿದರ ಮೊಸರು ಗಟ್ಟಿ ಆಗತದೇನು? ದಪ್ಪ ಮೊದಲಿನ ಪ್ಯಾಡಿನಷ್ಟ ಇರಬೇಕು. ಹೆಚ್ಚಾದ್ರ ಡಿಸ್ಕಿಗೆ ಸವರಿ ಸುಮ್ಮಸುಮ್ಮನ ಕಾಯತದ.

ಕೂಡಸಿದ ಮ್ಯಾಲೆ ಇಂಜಿನ್ ಚಾಲೂ ಮಾಡದ ಗಾಲಿ ಕೈಲೆ ತಿರುವ್ರಿ, ಹಗೂರ ತಿರಗಬೇಕು. ಬ್ರೇಕ್ ಒತ್ತಿದರ ತಿರಗಬಾರದು. ರಿಮೋಟ್ ಬಂದ್ ಮಾಡಿದರ ಸರ್ವೋ ತಾನ ಬ್ರೇಕಿನ ಕಡೆ ಹೋಗಬೇಕು. ಅದಕ್ಕ ಫೇಲ್‌ಸೇಫ್ ಅಂತಾರ, ಸಿಗ್ನಲ್ ತಪ್ಪಿದಾಗ ಕಾಯೂದು ಅದ. ಆದ್ರ ಪ್ಯಾಡ ಇಲ್ಲದಿದ್ರ ಅದರೇ ಏನು ಮಾಡೀತು?

ಈ ಪ್ಯಾಡು ನಾನ ಅಂಟಿಸೇನಿ. ಇನ್ನ ಮ್ಯಾಲೆ ಕಾರು ಓಣ್ಯಾಗ ಓಡೂದಿಲ್ಲ, ಖಾಲಿ ಮೈದಾನಕ್ಕ ಮಾತ್ರ. ಮೊದಲನೇ ದಿನ ಹಗೂರ.

ಇಷ್ಟು ಓದಿದ ಮ್ಯಾಲೂ "ಆಟಿಗಿ ಸಾಮಾನ" ಅನ್ನವರು ಇದ್ದರ ಐತಾರ ಮುಂಜಾನೆ ಮೈದಾನಕ್ಕ ಬರ್ರಿ. ಓಡೂ ಕಾರಿನ ಮುಂದ ನಿಮ್ಮ ಕಾಲಿಟ್ಟು ನಿಂತು ಅದ ಮಾತು ಇನ್ನೊಮ್ಮೆ ಅನ್ರಿ, ಕೇಳೂಣು.