ಕಬ್ಬಿಣದ ಪಾಠಾಂತರಗಳು

ಸುರಪುರದ ರಾಜಾ ವೆಂಕಟಪ್ಪ ನಾಯಕನು 1858ರಲ್ಲಿ ಬ್ರಿಟಿಷರ ಸೆರೆಯಲ್ಲಿದ್ದಾಗ, ಬೆಂಗಾವಲಿನ ಅಧಿಕಾರಿಯ ರಿವಾಲ್ವರಿನಿಂದ ಹಾರಿದ ಗುಂಡಿಗೆ ಬಲಿಯಾದನು. ಆ ಗುಂಡನ್ನು ಹಾರಿಸಿದ ಕೈ ಯಾರದೆಂಬಲ್ಲಿಂದ ವಿವಾದ ಮೊದಲಾಗುತ್ತದೆ. ರಾಜನನ್ನು ಎಳೆತನದಿಂದ ಬಲ್ಲ ಮೆಡೋಸ್ ಟೇಲರ್, ತಾನು ಸತ್ತ ಮೇಲೆ 1877ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ, ಅಧಿಕಾರಿ ಕಳಚಿಟ್ಟಿದ್ದ ಸೊಂಟಪಟ್ಟಿಯಲ್ಲಿ ಗುಂಡು ತುಂಬಿದ ರಿವಾಲ್ವರು ಇತ್ತೆಂದೂ, ಆತ ಪಕ್ಕಕ್ಕೆ ಸರಿದಿದ್ದಾಗ ಸದ್ದು ಕೇಳಿಸಿತೆಂದೂ ಬರೆದಿದ್ದಾನೆ. ಟೇಲರ್ ಆ ಗಳಿಗೆಯಲ್ಲಿ ಅಲ್ಲಿರಲಿಲ್ಲ. ಆತ್ಮಹತ್ಯೆಯೆಂದು ಒಂದು ಮಾತು, ಕೈತಪ್ಪಿ ಹಾರಿದ್ದೆಂದು ಇನ್ನೊಂದು, ಕೊಲೆಯೆಂದು ಮತ್ತೊಂದು. ಮರಣದಂಡನೆ ತಪ್ಪಿ ನಾಲ್ಕು ವರ್ಷಗಳ ಸೆರೆವಾಸವಷ್ಟೇ ಉಳಿದಿದ್ದಾಗ 24ರ ತರುಣನೊಬ್ಬ ತಾನಾಗಿ ಏಕೆ ಸಾಯುತ್ತಾನೆಂಬ ಸಂಶಯವು ಸಹಜವಾದುದೇ.

ಮಟಕಿ, ಆಳಂದ, ಅಫಜಲಪುರ, ಜೇವರ್ಗಿಗಳ ಕಡೆಯಿಂದ ಬರುವ ನಮ್ಮ ವಿದ್ಯಾರ್ಥಿಗಳಿಗೆ ಈ ಕಥೆ ಹೊಸದಲ್ಲ. ಜೇವರ್ಗಿಯಿಂದ ಶಹಾಪುರ ದಾಟಿದರೆ ಸುರಪುರವೇ. ಈ ಸಾವನ್ನು ಕುರಿತು ನಾನು ಕೇಳಿದ ಚರ್ಚೆಗಳಲ್ಲೆಲ್ಲ ರಾಜನ ಶೌರ್ಯ, ಟೇಲರನ ಪ್ರಾಮಾಣಿಕತೆ, ಕಂಪನಿಯ ಕಪಟ ಇವೆಲ್ಲ ಬಂದವು. ಆದರೆ ಅದು ಯಾವ ರಿವಾಲ್ವರು ಎಂದು ಕೇಳಿದವರನ್ನು ಕಾಣಲಿಲ್ಲ. ಟೇಲರನ ಕಥನದಲ್ಲೂ ಅದು ಬರಿಯ ರಿವಾಲ್ವರು.

ಇದು ಆಯುಧ ಕೂಡಿಡುವ ಶ್ರೀಮಂತರ ಚಪಲದ ಪ್ರಶ್ನೆಯೆಂದು ವಾಚಕರು ತಳ್ಳಿಹಾಕಬಾರದು. ಆ ಕಾಲದ ಇಂಗ್ಲಿಷ್ ಅಧಿಕಾರಿಗಳು ತಮ್ಮ ರಿವಾಲ್ವರನ್ನು ಸ್ವಂತ ಹಣದಿಂದ ಕೊಳ್ಳುವುದು ವಾಡಿಕೆಯಾಗಿತ್ತು. ಆದುದರಿಂದ ಒಬ್ಬನ ಸೊಂಟದಲ್ಲಿದ್ದುದು ಮತ್ತೊಬ್ಬನ ಸೊಂಟದಲ್ಲಿ ಇರುತ್ತಿರಲಿಲ್ಲ. ಅಮೆರಿಕದ ಕೋಲ್ಟ್ ಕಂಪನಿಯ ನೇವಿ ಮಾದರಿಯಲ್ಲಿ ಹಿಂಬದಿಯ ಸುತ್ತಿಗೆಯನ್ನು ಪ್ರತಿ ಸಲವೂ ಹೆಬ್ಬೆರಳಿನಿಂದ ಹಿಂದಕ್ಕೆಳೆದು ನಿಲ್ಲಿಸಬೇಕು. ಆಮೇಲೆ ಟ್ರಿಗರನ್ನು ಸ್ವಲ್ಪ ಒತ್ತಿದರೆ ಸಾಕು. ಲಂಡನ್ನಿನ ರಾಬರ್ಟ್ ಆಡಮ್ಸನ 1851ರ ಮಾದರಿಯ ರೀತಿಯೇ ಬೇರೆ. ಅದರ ಸುತ್ತಿಗೆಗೆ ಹೆಬ್ಬೆರಳಿಡುವ ಕೊಕ್ಕೆಯೇ ಇಲ್ಲ. ಟ್ರಿಗರನ್ನು ಬಲವಾಗಿ, ಉದ್ದಕ್ಕೆ ಎಳೆದಾಗಲೇ ಸುತ್ತಿಗೆ ಎದ್ದು ಬೀಳುತ್ತದೆ. 1856ರಲ್ಲಿ ಬ್ಯೂಮಂಟ್ ಎಂಬ ಸೈನ್ಯಾಧಿಕಾರಿ ಇದನ್ನು ತಿದ್ದಿ, ಎರಡು ರೀತಿಯಲ್ಲೂ ಹಾರಿಸಬಹುದಾದ ಬ್ಯೂಮಂಟ್–ಆಡಮ್ಸ್ ಮಾದರಿಯನ್ನು ತಂದನು. ಕೈತಪ್ಪಿ ಹಾರಿತೆಂಬ ವಾದವನ್ನು ಈ ಮೂರರ ಮುಂದೆ ಇಟ್ಟು ನೋಡಬೇಕು. ಸುತ್ತಿಗೆ ಎಳೆದು ನಿಲ್ಲಿಸಿದ ಕೋಲ್ಟನ್ನು ಮುಟ್ಟಿದಾಗ ಆ ವಾದಕ್ಕೆ ಸಾಕಷ್ಟು ಬಲವುಂಟು; ಹಳೆಯ ಆಡಮ್ಸಿನಲ್ಲಿ ಬಹು ಕಡಮೆ. ಗುಂಡು ಹಾರಿಸಿದ ಬೆರಳು ಯಾರದೆಂದು ಮಾದರಿಯ ಅಂಕೆ ಹೇಳಲಾರದು, ನಿಜ. ಆದರೆ ಯಾವ ಊಹೆ ಸಾಧ್ಯ, ಯಾವುದು ಅಸಂಭವ ಎಂದು ಸೋಸಲು ಅದೊಂದೇ ಜರಡಿಯಾಗಿತ್ತು.

ನಾವು ಕನ್ನಡದವರು ಇಂಥ ವಿವೇಚನೆಗೆ ಹೊಸಬರಲ್ಲ. ಶೂನ್ಯಸಂಪಾದನೆಯಿಂದ ಒಂದು ವಚನವನ್ನು ಉದಾಹರಿಸಿದ ವಿದ್ಯಾರ್ಥಿಯನ್ನು ನಾವು ಒಡನೆಯೇ ಕೇಳುತ್ತೇವೆ: ಯಾವ ಶೂನ್ಯಸಂಪಾದನೆ? ಶಿವಗಣಪ್ರಸಾದಿ ಮಹದೇವಯ್ಯನದೋ, ಹಲಗೆಯಾರ್ಯನದೋ, ಗುಮ್ಮಳಾಪುರದ ಸಿದ್ಧಲಿಂಗನದೋ, ಗೂಳೂರು ಸಿದ್ಧವೀರಣನದೋ? ಹೆಸರು ಒಂದೇ, ಪರಿಷ್ಕರಣಗಳು ನಾಲ್ಕು. ಒಂದರಲ್ಲಿ ಇಲ್ಲದ ಪ್ರಸಂಗ ಇನ್ನೊಂದರಲ್ಲಿ ಬಂದಿರುತ್ತದೆ, ಮತ್ತು ಬಂದುದಕ್ಕೆ ಕಾರಣವಿರುತ್ತದೆ. ತಾಳೆಯೋಲೆಗೆ ತೋರಿಸುವ ಈ ಎಚ್ಚರವನ್ನು ಕಬ್ಬಿಣಕ್ಕೆ ತೋರಿಸಬಾರದೆಂಬ ಶಾಸ್ತ್ರವೇನೂ ಇಲ್ಲ.

ರಿವಾಲ್ವರುಗಳ ಮಾದರಿಸಂಖ್ಯೆಯನ್ನು ಓದುವುದಕ್ಕೂ ಗ್ರಂಥಸಂಪಾದನೆಯ ಬುದ್ಧಿಯೇ ಬೇಕು. ಮೊದಲಿಗೆ, ಎಲ್ಲ ಅಂಕೆಯೂ ತಯಾರಕ ಕೊಟ್ಟದ್ದಲ್ಲ. '1851ರ ನೇವಿ' ಎಂಬ ಹೆಸರು ಬಹುಮಟ್ಟಿಗೆ ಮುಂದಿನ ಸಂಗ್ರಾಹಕರ ಕೊಡುಗೆ, ಕವಿಯ 'ವಿಕ್ರಮಾರ್ಜುನವಿಜಯ' ನಮ್ಮ ಬಾಯಲ್ಲಿ 'ಪಂಪಭಾರತ'ವಾದ ಹಾಗೆ. ಅದರೊಳಗಿನ ಒಂದು, ಎರಡು, ಮೂರು, ನಾಲ್ಕನೆಯ ಮಾದರಿಗಳೆಂಬ ವಿಂಗಡಣೆಯೂ ಅವರದೇ. ಟ್ರಿಗರಿನ ಕಾವಲುಬಳೆ ಹಿಂಬದಿಯಲ್ಲಿ ಚೌಕವಾಗಿದೆಯೋ ದುಂಡಗಿದೆಯೋ, ದುಂಡಗಿದ್ದರೆ ಸಣ್ಣದೋ ದೊಡ್ಡದೋ ಎಂಬಂಥ ಕುರುಹುಗಳಿಂದ ಮಾಡಿದ್ದು. ಲಿಪಿಯ ತಿರುವು ನೋಡಿ ಶಾಸನದ ಶತಮಾನ ಹೇಳುವ ವಿದ್ಯೆಗೂ ಇದಕ್ಕೂ ನಂಟು ದೂರದ್ದಲ್ಲ.

ತಯಾರಕನೇ ಒತ್ತಿದ ಸಂಖ್ಯೆ ಇನ್ನೊಂದು ಬಗೆ. ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ 1899ರಿಂದ 'ಮಿಲಿಟರಿ ಅಂಡ್ ಪೊಲೀಸ್' ಎಂದು ಮಾರುತ್ತಿದ್ದ ರಿವಾಲ್ವರಿಗೆ 1957ರಲ್ಲಿ 'ಮಾಡೆಲ್ 10' ಎಂದು ಅಂಕೆಯಿಟ್ಟಿತು. ಸಿಲಿಂಡರನ್ನು ಪಕ್ಕಕ್ಕೆ ಹೊರಳಿಸಿದರೆ ಚೌಕಟ್ಟಿನ ಮೂಲೆಯಲ್ಲಿ ಆ ಅಂಕೆ ಕಾಣುತ್ತದೆ. ಬಳಿಕ ಅದಕ್ಕೆ ಅಡ್ಡಗೆರೆಯ ಬಾಲಗಳು ಬಂದವು: 10-1, 10-2, 10-3, 10-4 ಎಂದು. ಇವು ಒಂದರ ಹಿಂದೊಂದು ಹುಟ್ಟಿದ ಮಕ್ಕಳೆಂದು ತಿಳಿದವನು ಮೋಸಹೋದ. 1959ರ 10-1 ಎಂದರೆ ದಪ್ಪ ನಳಿಗೆಯದು. 1961ರ 10-2 ಅದರ ಸುಧಾರಣೆಯಲ್ಲ. ತೆಳು ನಳಿಗೆಯದರಲ್ಲಿ ಖಾಲಿ ತೋಟೆಗಳನ್ನು ಹೊರದಬ್ಬುವ ಸಲಾಕೆಯ ಮರೆ ಬಲದಿಂದ ಎಡಕ್ಕೆ ತಿರುಗಿದ್ದಕ್ಕೆ ಕೊಟ್ಟ ಗುರುತು. ಅದೇ ಮಾರ್ಪಾಡು ದಪ್ಪ ನಳಿಗೆಗೆ ಬಂದಾಗ 10-3 ಆಯಿತು. ಅಂದರೆ ಒಂದೇ ಸಾಲಿನಲ್ಲಿ ಎರಡು ವಂಶಗಳು ಹೆಜ್ಜೆ ಹಾಕುತ್ತಿವೆ. ಪ್ರತಿಗಳ ವಂಶವೃಕ್ಷ ಬರೆದು ನೋಡಿದವರಿಗೆ ಈ ತೊಡಕು ಚಿರಪರಿಚಿತ.

ಬ್ರಿಟಿಷರದು ನಕ್ಷತ್ರದ ಪದ್ಧತಿ. 1932ರ ಎನ್‌ಫೀಲ್ಡ್ 'ನಂಬರ್ 2 ಮಾರ್ಕ್ 1' ರಿವಾಲ್ವರಿಗೆ 1938ರಲ್ಲಿ ಒಂದು ನಕ್ಷತ್ರ ಬಿತ್ತು. ಟ್ಯಾಂಕಿನ ಇಕ್ಕಟ್ಟಿನಲ್ಲಿ ಎಲ್ಲಿಯೂ ಸಿಕ್ಕಿಕೊಳ್ಳದಿರಲೆಂದು ಸುತ್ತಿಗೆಯ ಕೊಕ್ಕೆಯನ್ನು ತೆಗೆದುಹಾಕಿದ್ದರ ಗುರುತು ಅದು. ಎಂಬತ್ತೇಳು ವರ್ಷಗಳ ಹಿಂದೆ ಆಡಮ್ಸ್ ಮಾಡಿದ್ದು ಹೀಗೆ ಮರಳಿ ಬಂತು! ಮೊದಲು ನಕ್ಷತ್ರವಿಲ್ಲದೆ ಹೊರಬಂದ ಎಷ್ಟೋ ಆಯುಧಗಳನ್ನು ಆಮೇಲೆ ಕಾರ್ಖಾನೆಗೆ ಮರಳಿಸಿ ತಿದ್ದಿದರು. ಹಾಗೆ ತಿದ್ದಿದ್ದನ್ನು 1938ರ ನಂತರ ಹುಟ್ಟಿದ್ದೆಂದು ಹೇಳಿದರೆ, ಅಂಚಿನಲ್ಲಿ ಹೊಸ ಕೈ ಬರೆದ ಟಿಪ್ಪಣಿಯಿಂದ ಓಲೆಯ ಕಾಲವನ್ನು ನಿರ್ಣಯಿಸಿದಂತೆ.

ಮಾದರಿಸಂಖ್ಯೆಗೂ ಕ್ರಮಸಂಖ್ಯೆಗೂ ಇರುವ ಭೇದವನ್ನು ಮರೆತು ಗೊಂದಲಪಡುವವರು ಬಹುಮಂದಿ. ಮಾದರಿಸಂಖ್ಯೆ ಜಾತಿಯದು, ಕ್ರಮಸಂಖ್ಯೆ ವ್ಯಕ್ತಿಯದು. ಹಳೆಯ ಕೋಲ್ಟಿನ ನಳಿಗೆ, ಚೌಕಟ್ಟು, ಸಿಲಿಂಡರು, ಕಾವಲುಬಳೆಗಳ ಮೇಲೆಲ್ಲ ಒಂದೇ ಕ್ರಮಸಂಖ್ಯೆ ಇರಬೇಕು. ಬೇರೆ ಬೇರೆ ಇದ್ದರೆ ಎರಡು ಕಟ್ಟುಗಳ ಗರಿಗಳನ್ನು ಒಂದೇ ದಾರದಲ್ಲಿ ಪೋಣಿಸಿದ್ದಾರೆಂದೇ ಅರ್ಥ. ಬೆಲೆ ಏರಿಸಲು ಅಂಕೆಯನ್ನೇ ಅರೆದು ಹೊಸದಾಗಿ ಒತ್ತುವ ಜಾಣರೂ ಲೋಕದಲ್ಲುಂಟು.

ಇಷ್ಟೆಲ್ಲ ಇಲ್ಲಿ ಏಕೆಂದರೆ, ನಮ್ಮ ಪ್ರದರ್ಶನಾಲಯಗಳಲ್ಲಿ 'ಪಿಸ್ತೂಲು, 19ನೆಯ ಶತಮಾನ' ಎಂಬ ಚೀಟಿಯನ್ನು ಕಂಡು ನನಗೆ ಸಾಕಾಗಿದೆ. 'ಕಾವ್ಯ, ಹಳಗನ್ನಡ' ಎಂದು ಪುಸ್ತಕಭಂಡಾರದಲ್ಲಿ ಚೀಟಿ ಅಂಟಿಸಿದರೆ ನಾವು ಸುಮ್ಮನಿರುತ್ತೇವೆಯೆ? ಅದೂ ಅಲ್ಲದೆ ಕಾಲ ಕಾಯುವಂತಿಲ್ಲ. 1959ರ ಆಯುಧಗಳ ಅಧಿನಿಯಮಕ್ಕೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಸಾಮಾನ್ಯ ಪರವಾನಗಿದಾರನು ಮೂರಕ್ಕೆ ಬದಲು ಎರಡೇ ಬಂದೂಕು ಇಟ್ಟುಕೊಳ್ಳಬಹುದು. ವಂಶಪಾರಂಪರ್ಯವಾಗಿ ಬಂದುದಕ್ಕೂ ಆ ಮಿತಿಯೇ. ಹಳೆಯದೆಂಬ ಮಾತ್ರಕ್ಕೆ ವಿನಾಯಿತಿಯಿಲ್ಲ. ದುರಸ್ತಿ ಮಾಡಿದರೂ ಹಾರಿಸಲು ಬಾರದಂಥ ಪುರಾತನ ಆಯುಧಕ್ಕೆ ಮಾತ್ರ ಉಂಟು. ಕಾನೂನಿನ ಬಗ್ಗೆ ನನ್ನ ತಕರಾರಿಲ್ಲ; ಊರಲ್ಲಿ ಬಂದೂಕು ಕಡಮೆಯಾದಷ್ಟೂ ಒಳ್ಳೆಯದೇ. ಆದರೆ ದೇಸಗತಿ, ಜಹಗೀರು ಮನೆಗಳಿಂದ ಠಾಣೆಗೆ ಹೋಗುವ ಪ್ರತಿಯೊಂದು ಹಳೆಯ ಆಯುಧವೂ ತನ್ನ ಮೈಮೇಲಿನ ಬರಹವನ್ನು ಜೊತೆಗೇ ಒಯ್ಯುತ್ತದೆ.

ಒಪ್ಪಿಸುವ ಮುನ್ನ ಒಂದು ಹಾಳೆ ಕಾಗದ ಸಾಕು. ಪರವಾನಗಿ ಉಳ್ಳ ಯಜಮಾನನೇ, ಗುಂಡುಗಳನ್ನು ತೆಗೆದಿರಿಸಿ, ಆಯುಧದ ಮೇಲೆ ಕಾಣುವುದನ್ನೆಲ್ಲ ಕಂಡಂತೆಯೇ ಬರೆದಿಡಲಿ: ತಯಾರಕನ ಹೆಸರು, ಮಾರ್ಕು, ನಕ್ಷತ್ರ, ಅಡ್ಡಗೆರೆಯ ಬಾಲ, ಪ್ರತಿ ಭಾಗದ ಕ್ರಮಸಂಖ್ಯೆ. ಸವೆದು ಓದಲಾಗದ ಅಕ್ಷರಕ್ಕೆ ಶಾಸನ ಓದುವವರು ಮಾಡುವಂತೆ ಚುಕ್ಕಿ ಇಡಲಿ, ಊಹಿಸಿ ತುಂಬದಿರಲಿ. ಮನೆಗೆ ಅದು ಯಾರಿಂದ, ಯಾವಾಗ ಬಂತೆಂಬ ಹಿರಿಯರ ಮಾತನ್ನು ಬೇರೆಯಾಗಿ ಕೆಳಗೆ ಬರೆಯಲಿ. ಇತಿಹಾಸ ವಿಭಾಗವಿರುವ ಯಾವ ಕಾಲೇಜಾದರೂ ಇಂಥ ಹಾಳೆಗಳನ್ನು ಸೇರಿಸಿ ಕಾಯ್ದಿಡಬಹುದು. ಅದಕ್ಕೆ ಸರಕಾರದ ಅಪ್ಪಣೆಯೂ ಬೇಡ, ಅನುದಾನವೂ ಬೇಡ.