ಒನಕೆ ಮರುದಿನವೂ ನಿಂತೀತೇ?



2019ರ ಡಿಸೆಂಬರ್ 26, ಗುರುವಾರ, ಸೂರ್ಯಗ್ರಹಣ. ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯ ವಾಸಿಯಾದೀತೆಂದು ಮಕ್ಕಳನ್ನು ಕುತ್ತಿಗೆಯವರೆಗೆ ಹೂತಿಟ್ಟರು. ಹೂತವರು ಹೆತ್ತವರೇ, ಮಕ್ಕಳ ಮೇಲಿನ ಅಕ್ಕರೆಯಿಂದಲೇ. ಗ್ರಹಣದ ಪಾಠ ನಮ್ಮ ಪುಸ್ತಕಗಳಲ್ಲಿ ಇಲ್ಲವೇ? ಇದೆ. ಚಿತ್ರ ಬರೆದು ಭಾಗ ಗುರುತಿಸಿದರೆ ಅಂಕವೂ ಉಂಟು. ಆದರೆ ಪುಸ್ತಕದ ಗ್ರಹಣ ಬೇರೆ, ಮನೆಯ ಗ್ರಹಣ ಬೇರೆ. ಎರಡೂ ಒಂದೇ ತಲೆಯಲ್ಲಿ ಬಾಡಿಗೆಗಿವೆ, ಪರಸ್ಪರ ಮುಖ ನೋಡಿಲ್ಲ.

ನಾನು ವಿಜ್ಞಾನದ ಮೇಷ್ಟ್ರು. ಮರುದಿನ ಏಳನೇ ತರಗತಿಯಲ್ಲಿ ಹುಡುಗನೊಬ್ಬ ಎದ್ದು, “ಸಾರ್, ಗ್ರಹಣ ಹಿಡಿದಾಗ ನಮ್ಮನೇಲಿ ತಟ್ಟೆ ನೀರಲ್ಲಿ ಒನಕೆ ತಾನೇ ನಿಂತಿತ್ತು, ಬಿಟ್ಟಾಗ ಬಿತ್ತು ಅಂತ ನಮ್ಮಜ್ಜಿ ಹೇಳಿದ್ರು” ಎಂದ. ‘ಸುಳ್ಳು, ಕೂತ್ಕೋ’ ಎಂಬ ಮಾತು ನನ್ನ ನಾಲಗೆ ತುದಿಗೇ ಬಂದಿತ್ತು. ಅಂದಿದ್ದರೆ ಹುಡುಗ ಕೂರುತ್ತಿದ್ದ, ಒನಕೆ ಅವನ ತಲೆಯಲ್ಲಿ ನಿಂತೇ ಇರುತ್ತಿತ್ತು. ನುಂಗಿಕೊಂಡು ತರಗತಿಯನ್ನೇ ಕೇಳಿದೆ. ಅರ್ಧಕ್ಕರ್ಧ ಅವನ ಕಡೆ. ಹಿಂದಿನ ಬೆಂಚಿನ ಹುಡುಗಿ ಮಾತ್ರ, “ಇವತ್ತು ನಿಲ್ಲಿಸಿ ನೋಡೋಣ ಸಾರ್” ಎಂದಳು.

ಬಿಸಿಯೂಟದ ಅಡುಗೆಮನೆಯಿಂದ ತಟ್ಟೆ, ಎದುರು ಮನೆಯಿಂದ ಒನಕೆ ಬಂತು. ಎರಡು ಸಲ ಬಿತ್ತು. ಮೂರನೇ ಸಲ ಬುಡ ಸಮವಾಗಿ ಕೂತು, ಗ್ರಹಣವಿಲ್ಲದ ಮಟಮಟ ಮಧ್ಯಾಹ್ನ, ನಿಂತಿತು. ಆಮೇಲಿನ ಗದ್ದಲ ಕೇಳಬೇಕಿತ್ತು! “ಹಾಗಾದ್ರೆ ಗ್ರಹಣ ಬಿಟ್ಟಾಗ ಬಿದ್ದಿದ್ದು?” “ಯಾರೋ ತಾಗಿಸಿರ್ತಾರೆ.” “ಪ್ರತಿ ಅಮಾವಾಸ್ಯೆಗೂ ಗ್ರಹಣ ಯಾಕಿಲ್ಲ ಸಾರ್?” ಚಂದ್ರನ ಹಾದಿ ಸುಮಾರು 5 ಡಿಗ್ರಿ ಓರೆ ಎಂಬುದನ್ನು ಅದುವರೆಗೆ ನಾನು ಎಷ್ಟೋ ಸಲ ಹೇಳಿದ್ದೆ. ಕೇಳಿದವರು ಸಿಕ್ಕಿದ್ದು ಅಂದೇ. ಹುಡುಗ ಕಣ್ಣು ತುಂಬಿಕೊಂಡು, “ನಮ್ಮಜ್ಜಿ ಸುಳ್ಳು ಹೇಳಲ್ಲ” ಎಂದ. ನಿಜ, ಹೇಳಿರಲಿಲ್ಲ. ಒನಕೆ ನಿಂತಿತ್ತು. ಬೇರೆ ದಿನ ಯಾರೂ ನಿಲ್ಲಿಸಿ ನೋಡಿರಲಿಲ್ಲ.

ಹೀಗೆ ಪರೀಕ್ಷಿಸಿ ನೋಡುವುದು ನಮಗೆ ಹೊಸದಲ್ಲ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದರು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯವೆಂದು ಸಂವಿಧಾನದಲ್ಲಿ ಸೇರಿದ್ದೂ ಅದೇ ವರ್ಷದ 42ನೇ ತಿದ್ದುಪಡಿಯಿಂದ. ಆದರೆ ನಮ್ಮ ವೇಳಾಪಟ್ಟಿಯಲ್ಲಿ ಅದಕ್ಕೊಂದು ಪೀರಿಯಡ್ ಇನ್ನೂ ಸಿಕ್ಕಿಲ್ಲ.

ಪಾಲಕರೇ, ಶಿಕ್ಷಕ ಮಿತ್ರರೇ, ಶಾಲಾ ಅಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೇ, ಆ ಪೀರಿಯಡ್ ಕೊಡಿ ಎಂಬುದೇ ನನ್ನ ಬೇಡಿಕೆ. ವಾರಕ್ಕೆ ಒಂದೇ ಒಂದು, ಚರ್ಚಿಸಿ ಪರೀಕ್ಷಿಸಿ ನೋಡಲು. ಅಜ್ಜಿಯ ಮಾತು, ಮೊಬೈಲಿಗೆ ಬಂದ ‘ನಾಸಾ ಹೇಳಿದೆ’ ಸಂದೇಶ, ಮೇಷ್ಟ್ರ ಮಾತು, ಎಲ್ಲಕ್ಕೂ ಅಲ್ಲಿ ಒಂದೇ ತಕ್ಕಡಿ. ಎದುರಾಳಿ ಹೇಳಿದ್ದನ್ನು ಮೊದಲು ತನ್ನ ಮಾತಿನಲ್ಲಿ ಹೇಳಿ, ‘ಸರಿಯಾಗಿ ಹೇಳಿದೆ’ ಅನ್ನಿಸಿಕೊಂಡ ಮೇಲೆಯೇ ಮಗು ಖಂಡಿಸಲಿ. ಮೇಷ್ಟ್ರು ತಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಲಿ (ನಮಗೆ ಇದೇ ಕಷ್ಟ). ಮನಸ್ಸು ಬದಲಾಯಿಸಿದವರನ್ನು ನೋಡಿ ಯಾರೂ ನಗಾಡಬಾರದು. ಪೋರ್ಷನ್ ಮುಗಿಯುವುದಿಲ್ಲ ಎನ್ನುತ್ತೀರಿ. ಅಂದು ನನ್ನದೂ ಮುಗಿಯಲಿಲ್ಲ. ಆದರೆ ಮಾರನೇ ದಿನ ಗ್ರಹಣದ ಚಿತ್ರ ಬರೆಯಿರಿ ಎಂದಾಗ ಪುಸ್ತಕ ತೆರೆದವರು ಕಡಿಮೆ.

2027ರ ಆಗಸ್ಟ್ 2, ಸೋಮವಾರ ಸಂಜೆ, ಮತ್ತೆ ಸೂರ್ಯಗ್ರಹಣ. ನಮ್ಮಲ್ಲಿ ಭಾಗಶಃ ಕಾಣುತ್ತದೆ. ರಜೆ ಕೊಡಬೇಡಿ. ಗ್ರಹಣ ನೋಡುವ ಕನ್ನಡಕ ತರಿಸಿ. ಒಂದು ಒನಕೆಯೂ ಇರಲಿ, ಮಂಗಳವಾರವೂ ಅದು ಶಾಲೆಯಲ್ಲೇ ಇರಲಿ.